ಪೆಗ್ಗಿನ ಬೆಲೆ ಏರಿತು, ಭಾರ ಯಾರ ಹೆಗಲಿಗೆ?

ಮಹಾರಾಷ್ಟ್ರ ಸಚಿವ ಸಂಪುಟವು 2025ರ ಜೂನ್ 10ರಂದು ಕೈಗೊಂಡ ಒಂದು ತೀರ್ಮಾನ ಮುಂಬಯಿಯ ತುಳು-ಕನ್ನಡಿಗರಿಗೆ ಕೇವಲ ಪತ್ರಿಕಾ ಸುದ್ದಿಯಾಗಿ ಉಳಿಯಲಿಲ್ಲ. ಭಾರತದಲ್ಲೇ ತಯಾರಾಗುವ ವಿದೇಶಿ ಮಾದರಿಯ ಮದ್ಯದ, ಅಂದರೆ ಸಾಮಾನ್ಯ ವ್ಹಿಸ್ಕಿ, ರಮ್, ಬ್ರಾಂದಿಗಳ ಮೇಲಿನ ಅಬಕಾರಿ ಸುಂಕವನ್ನು ತಯಾರಿಕಾ ವೆಚ್ಚದ 3 ಪಟ್ಟಿನಿಂದ 4.5 ಪಟ್ಟಿಗೆ ಏರಿಸಲಾಯಿತು. ದೇಶಿ ಮದ್ಯದ ಸುಂಕ ಪ್ರೂಫ್ ಲೀಟರಿಗೆ 180 ರೂಪಾಯಿಯಿಂದ 205 ರೂಪಾಯಿಗೆ ಏರಿತು. ಇದರಿಂದ ವರ್ಷಕ್ಕೆ ಸುಮಾರು 14,000 ಕೋಟಿ ರೂಪಾಯಿ ಹೆಚ್ಚುವರಿ ಆದಾಯ ಬರುವುದೆಂದು ಸರಕಾರ ಲೆಕ್ಕ ಹಾಕಿತು.

ಈ ನಗರದಲ್ಲಿ ಪರ್ಮಿಟ್ ರೂಮ್ ನಡೆಸುವವರಲ್ಲಿ ನಮ್ಮ ಕರಾವಳಿಯವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಉಡುಪಿ ಹೊಟೇಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದ ತಲೆಮಾರಿನ ಅನೇಕರು ಕ್ರಮೇಣ ಈ ವ್ಯವಹಾರಕ್ಕೆ ಕೈ ಹಾಕಿದರು. ಸಂಘ ಸಂಸ್ಥೆಗಳ ವೇದಿಕೆಯಲ್ಲಿ ಮದ್ಯದ ಮಾತನ್ನು ಯಾರೂ ಆಡುವುದಿಲ್ಲ. ಆದರೆ ಅದೇ ಸಭಾಗೃಹದ ಗೋಡೆಯಲ್ಲಿರುವ ದಾನಿಗಳ ಫಲಕವನ್ನು ಓದಿದರೆ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ. ಆದ್ದರಿಂದ ಈ ಬೆಲೆಯೇರಿಕೆಯನ್ನು ಕುಡಿಯುವವರ ಪಾಡು ಎಂದು ತಳ್ಳಿಹಾಕದೆ ಸ್ವಲ್ಪ ನಿಧಾನವಾಗಿ ನೋಡುವುದು ಯುಕ್ತ.

ಮೊದಲು ಲೆಕ್ಕ. ಒಂದು ಕ್ವಾರ್ಟರ್, ಎಂದರೆ 180 ಮಿಲಿಲೀಟರಿನ ಬಾಟಲಿಯ ತಯಾರಿಕಾ ವೆಚ್ಚವನ್ನು ಕಂಪೆನಿ 30 ರೂಪಾಯಿ ಎಂದು ಘೋಷಿಸಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ದರದಲ್ಲಿ ಅದಕ್ಕೆ ಸುಂಕ 90 ರೂಪಾಯಿ. ಹೊಸ ದರದಲ್ಲಿ 135 ರೂಪಾಯಿ. ಇದರ ಮೇಲೆ ಮೌಲ್ಯವರ್ಧಿತ ತೆರಿಗೆ, ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳ ಲಾಭಾಂಶ ಸೇರಬೇಕು. ಬಾಟಲಿಯೊಳಗಿನ ಪದಾರ್ಥಕ್ಕಿಂತ ಅದರ ಮೇಲಿನ ತೆರಿಗೆಯೇ ಹಲವು ಪಟ್ಟು ದುಬಾರಿ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗಿಟ್ಟದ್ದು ರಾಜ್ಯಗಳು ಈ ಆದಾಯವನ್ನು ಬಿಟ್ಟುಕೊಡಲು ಸಿದ್ಧವಿಲ್ಲದ ಕಾರಣದಿಂದ. ಉಳಿದ ಸರಕುಗಳ ಮೇಲೆ ಸ್ವತಂತ್ರವಾಗಿ ತೆರಿಗೆ ಏರಿಸುವ ಅಧಿಕಾರ ಬಹುಮಟ್ಟಿಗೆ ಕೈತಪ್ಪಿದ ಮೇಲೆ ಅವುಗಳ ಕಣ್ಣು ಮತ್ತೆ ಮತ್ತೆ ಮದ್ಯ ಮತ್ತು ಪೆಟ್ರೋಲಿನ ಮೇಲೆ ಬೀಳುವುದು ಸಹಜ.

ಗಮನಿಸಬೇಕಾದ ಮುಖ್ಯ ಅಂಶ ಬೇರೆಯೇ ಇದೆ. 4.5 ಪಟ್ಟಿನ ಈ ಸುಂಕ ಅನ್ವಯವಾಗುವುದು ಘೋಷಿತ ತಯಾರಿಕಾ ವೆಚ್ಚ ಲೀಟರಿಗೆ 260 ರೂಪಾಯಿಯವರೆಗೆ ಇರುವ ಮದ್ಯಕ್ಕೆ. ಅಂದರೆ ಗುಮಾಸ್ತ, ಚಾಲಕ, ಸಣ್ಣ ಅಂಗಡಿಯವನು ವಾರಾಂತ್ಯದಲ್ಲಿ ಕೊಳ್ಳುವ ಬಾಟಲಿಗೆ. ಇದೇ ರಾಜ್ಯ 2021ರ ನವೆಂಬರಿನಲ್ಲಿ ಆಮದು ಸ್ಕಾಚ್ ಮೇಲಿನ ಸುಂಕವನ್ನು ಶೇ. 300ರಿಂದ ಶೇ. 150ಕ್ಕೆ ಇಳಿಸಿತ್ತು. ಅನ್ಯ ರಾಜ್ಯಗಳಿಂದ ಬರುವ ಕಳ್ಳ ಸರಕನ್ನು ತಡೆಯುವುದು ಅಂದಿನ ಸಮರ್ಥನೆಗಳಲ್ಲೊಂದು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದವೂ ಸ್ಕಾಚ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ ಮೊದಲು ಶೇ. 75ಕ್ಕೆ, ಹತ್ತು ವರ್ಷಗಳಲ್ಲಿ ಶೇ. 40ಕ್ಕೆ ಇಳಿಸಲು ಒಪ್ಪಿದೆ. ಸಿರಿವಂತರ ಗ್ಲಾಸಿಗೆ ರಿಯಾಯಿತಿ, ಸಾಮಾನ್ಯರ ಗ್ಲಾಸಿಗೆ ಹೊರೆ!

ಊರಿನ ಕಡೆ ನೋಡಿದರೂ ಚಿತ್ರ ಬೇರೆಯಲ್ಲ. ಕರ್ನಾಟಕ ಸರಕಾರ 2023ರ ಜುಲೈ ಮುಂಗಡಪತ್ರದಲ್ಲಿ ಮದ್ಯದ ಎಲ್ಲ 18 ಸ್ಲ್ಯಾಬುಗಳ ಮೇಲೆ ಶೇ. 20ರಷ್ಟು ಸುಂಕ ಏರಿಸಿತು; 2024ರ ಆಗಸ್ಟಿನಲ್ಲಿ ನೆರೆರಾಜ್ಯಗಳ ದರಕ್ಕೆ ಸರಿಹೊಂದಿಸುವ ನೆಪದಲ್ಲಿ ದುಬಾರಿ ಬ್ರಾಂಡುಗಳ ಬೆಲೆಯನ್ನು ಇಳಿಸಿತು. 2025-26ನೇ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಎರಡೂ ರಾಜ್ಯಗಳಲ್ಲಿ ಮಹಿಳೆಯರಿಗೆ ಮಾಸಿಕ ನಗದು ನೀಡುವ ಯೋಜನೆಗಳಿವೆ: ಅಲ್ಲಿ 2,000 ರೂಪಾಯಿಯ ಗೃಹಲಕ್ಷ್ಮಿ, ಇಲ್ಲಿ 1,500 ರೂಪಾಯಿಯ ಲಾಡ್ಕಿ ಬಹೀಣ್. ಗಂಡನ ಕಿಸೆಯಿಂದ ತೆಗೆದದ್ದನ್ನೇ ಹೆಂಡತಿಯ ಖಾತೆಗೆ ಹಾಕಲಾಗುತ್ತಿದೆ ಎಂದು ಟೀಕಾಕಾರರು ಆಡಿಕೊಳ್ಳುವುದರಲ್ಲಿ ಹುರುಳಿಲ್ಲವೆನ್ನಲಾಗದು. ಗಂಡ ಕುಡಿತ ಬಿಟ್ಟರೆ ಸರಕಾರದ ಲೆಕ್ಕ ತಪ್ಪುತ್ತದೆ, ಬಿಡದಿದ್ದರೆ ಮನೆಯ ಲೆಕ್ಕ ತಪ್ಪುತ್ತದೆ.

ಬೆಲೆ ಏರಿದರೆ ಕುಡಿತ ಕಡಿಮೆಯಾಗುವುದಿಲ್ಲವೇ ಎಂದು ನಮ್ಮ ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆಗೊಮ್ಮೆ ಈಗೊಮ್ಮೆ ಕುಡಿಯುವವನು ಕಡಿಮೆ ಮಾಡಿಯಾನು. ಚಟಕ್ಕೆ ಬಿದ್ದವನು ಅಗ್ಗದ ಸರಕಿಗೆ ಇಳಿಯುವ ಸಂಭವವೇ ಹೆಚ್ಚು. ಆರೋಗ್ಯವೇ ಉದ್ದೇಶವಾಗಿದ್ದರೆ ಬಾಟಲಿಯಲ್ಲಿರುವ ಆಲ್ಕೋಹಾಲಿನ ಪ್ರಮಾಣಕ್ಕೆ ತಕ್ಕಂತೆ ಎಲ್ಲ ಬಗೆಯ ಮದ್ಯಕ್ಕೂ ಒಂದೇ ಅಳತೆಯ ತೆರಿಗೆ ಹಾಕಬೇಕಿತ್ತು. ಇಲ್ಲಿ ಹಾಗಾಗಿಲ್ಲ. ಸರಕಾರವೇ ನಿಗದಿ ಮಾಡಿದ ಕನಿಷ್ಠ ಚಿಲ್ಲರೆ ಬೆಲೆ ನೋಡಿ: 180 ಮಿಲಿಲೀಟರಿಗೆ ದೇಶಿ ಮದ್ಯ 80 ರೂಪಾಯಿ, ಸಾಮಾನ್ಯ ವಿದೇಶಿ ಮಾದರಿಯ ಮದ್ಯ 205, ಉತ್ತಮ ದರ್ಜೆಯ ವಿದೇಶಿ ಮದ್ಯ 360. ನಡುವೆ ಮಹಾರಾಷ್ಟ್ರದ ತಯಾರಕರಿಗಾಗಿಯೇ ಧಾನ್ಯದಿಂದ ತಯಾರಾಗುವ ಹೊಸ ವರ್ಗವೊಂದನ್ನು ಸೃಷ್ಟಿಸಿ ಅದಕ್ಕೆ 148 ರೂಪಾಯಿ ಎಂದು ಬರೆಯಲಾಗಿದೆ. 205 ಕೊಡಲಾಗದವನಿಗೆ ಕುಡಿತ ಬಿಡುವ ದಾರಿಯಲ್ಲ, ಇಳಿಯಲು ಒಂದು ಮೆಟ್ಟಿಲು ಸಿದ್ಧವಾಗಿದೆ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಯಾವುದೆಂದು ಮುಂಬಯಿಗರಿಗೆ ಗೊತ್ತಿದೆ. 2015ರ ಜೂನಿನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಕರ್ನಾಟಕದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಗಿ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಅಂಥದೇ ಘೋರ ದುರಂತ ನಡೆಯಿತು. ಸತ್ತವರೆಲ್ಲ ಬಡವರು. ಅವರು ರುಚಿಗಾಗಿ ಆ ವಿಷವನ್ನು ಆರಿಸಿಕೊಂಡದ್ದಲ್ಲ.

ಇನ್ನು ಪರ್ಮಿಟ್ ರೂಮುಗಳ ಮಾತು. ಈ ಹೆಸರೇ 1949ರ ಬೊಂಬಾಯಿ ಪಾನನಿರೋಧ ಕಾಯಿದೆಯ ಪಳೆಯುಳಿಕೆ. ಕಾಗದದ ಮೇಲೆ ಇಂದಿಗೂ ಈ ರಾಜ್ಯದಲ್ಲಿ ಕುಡಿಯಲು ಪರವಾನಿಗೆ ಬೇಕು. 2023ರ ನವೆಂಬರಿನಲ್ಲಿ ಬಾರುಗಳಲ್ಲಿ ಬಡಿಸುವ ಮದ್ಯದ ಮೇಲಿನ ವ್ಯಾಟ್ ಶೇ. 5ರಿಂದ 10ಕ್ಕೆ ಏರಿತು. ಪರವಾನಿಗೆ ಶುಲ್ಕದಲ್ಲಿ ಶೇ. 15ರ ಹೆಚ್ಚಳವಾಯಿತು. ಅದರ ಬೆನ್ನಿಗೇ ಈ ಸುಂಕ. ಇವನ್ನೆಲ್ಲ ವಿರೋಧಿಸಿ ಹೊಟೇಲ್ ಮಾಲಕರ ಸಂಘಟನೆ ಆಹಾರ್ ನೀಡಿದ ಕರೆಯಂತೆ 2025ರ ಜುಲೈ 14ರಂದು ರಾಜ್ಯದಾದ್ಯಂತ ಬಾರುಗಳು ಬಾಗಿಲು ಮುಚ್ಚಿದವು.

ವೈನ್ ಶಾಪಿನಲ್ಲಿ ಸಿಗುವ ಅದೇ ಬಾಟಲಿಯನ್ನು ಬಾಡಿಗೆ, ಸಂಬಳ, ಹವಾನಿಯಂತ್ರಣದ ಖರ್ಚು ಮತ್ತು ಹೆಚ್ಚುವರಿ ವ್ಯಾಟ್ ಸೇರಿಸಿ ಮಾರಬೇಕಾದ ಸಣ್ಣ ಮಾಲಕನಿಗೆ ಗಿರಾಕಿ ಉಳಿಯುವುದು ಕಷ್ಟ. ಪಂಚತಾರಾ ಹೊಟೇಲು ಇದನ್ನು ತಡೆದುಕೊಂಡೀತು. ಉಪನಗರದ ಹತ್ತು ಮೇಜಿನ ಬಾರು ತಡೆದುಕೊಳ್ಳುವುದು ಕಠಿಣ. ಅಲ್ಲಿ ಬಡಿಸುವ, ಪಾತ್ರೆ ತೊಳೆಯುವ ಹುಡುಗರು ಊರಿಗೆ ಹಣ ಕಳಿಸುವವರು. ಬಾರಿನಲ್ಲಿ ಎರಡು ಪೆಗ್ ಕುಡಿದು ಊಟ ಮುಗಿಸಿ ಎದ್ದು ಹೋಗುತ್ತಿದ್ದ ಗಿರಾಕಿ ಈಗ ಇಡೀ ಕ್ವಾರ್ಟರ್ ಕೊಂಡು ಮನೆಗೆ ಹೋಗಿ ಮಕ್ಕಳ ಎದುರಿನಲ್ಲೇ ಕುಡಿಯುವಂತಾದರೆ, ಅದರ ಲೆಕ್ಕ ಅಬಕಾರಿ ಇಲಾಖೆಯ ಪುಸ್ತಕದಲ್ಲಿ ಆದಾಯವೆಂದೇ ದಾಖಲಾಗುತ್ತದೆ.