ನಿಂತು ಗಾಳ ಹಾಕೋ ದೋಣಿ

ಕಯಾಕ್ ಅಂದ ಕೂಡಲೇ ಆಫೀಸಿನಲ್ಲಿ ಎಲ್ಲರೂ ನಕ್ಕರು. "ವಿಜಯಪುರದಾಗ ನೀರಿನ ಟ್ಯಾಂಕರ್ ಹಿಂದ ಓಡಿದವ್ರು ನಾವು, ನೀ ದೋಣಿ ಹುಡುಕ್ತೀಯಲ್ಲೋ!"

ನಗಲಿ ಬಿಡಿ. ಕೃಷ್ಣೆಯ ನೀರು ಮೇಲೆತ್ತಿ ಕೆರೆ ತುಂಬಿಸೋಕೆ ಶುರುವಾದ ಮೇಲೆ ತಿಕೋಟಾ, ಬಬಲೇಶ್ವರ ಕಡೆ ಬೈಕ್ ಓಡಿಸಿದವರಿಗೆ ಗೊತ್ತು, ಎಷ್ಟು ಕಡೆ ನೀರು ಹೊಳೀತದೆ ಅಂತ. ಮಮದಾಪುರದ ಕೆರೆಯಂತೂ ಮೊಹಮ್ಮದ್ ಆದಿಲ್ ಶಾಹನ ಕಾಲದ್ದು. ಗೋಳಗುಮ್ಮಟದ ಅದೇ ಅರಸ.

ನಾನು ಮೊದಲು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಅಗಲ 28 ಇಂಚು. ಮಾರಿದವರು "ಆರಾಮ ನಿಂದ್ರಬಹುದು ಸರ್" ಅಂದಿದ್ದರು. ಕೂತಾಗ ಬಂಡೆಯಂತೆ ಇತ್ತು. ನೇರವಾಗಿ ಎದ್ದು ನಿಂತೆ, ಆಗಲೂ ಸರಿ. ಗಾಳ ಬೀಸೋಕೆ ಸೊಂಟ ತಿರುಗಿಸಿದೆ ನೋಡ್ರಿ, ಮರುಕ್ಷಣ ನೀರಾಗ. ಎದೆಮಟ್ಟದ ನೀರು, ನನ್ನ ಪುಣ್ಯ. ನನಗೆ ಈಜು ಅರ್ಧಂಬರ್ಧ. ಲೈಫ್ ಜಾಕೆಟ್? ಕಾರಿನ ಡಿಕ್ಕಿಯಲ್ಲಿ ಭದ್ರವಾಗಿತ್ತು.

ದಂಡೆಯಲ್ಲಿ ಬಲೆ ಬಿಡಿಸ್ತಿದ್ದ ಕಾಕಾ ಒಬ್ಬರು ಎಲ್ಲ ನೋಡಿದ್ದರು. "ತಮ್ಮಾ, ನಮ್ಮ ಹರಗೋಲು ನೋಡು, ಬುಟ್ಟಿಯಂಗ ಅಗಲ. ಗರಗರ ತಿರಗತೈತಿ, ಆದ್ರ ಸುಮ್ನ ಮಗುಚಂಗಿಲ್ಲ. ನಿಂದು ಹಾವಿನಂಗ ಸಪೂರ ಐತಿ. ಓಡತೈತಿ, ನಿಂದ್ರಸಂಗಿಲ್ಲ."

ಆಮೇಲೆ ಓದಿದ್ದೆಲ್ಲ ಈ ಮಾತಿನ ಸುತ್ತಲೇ ಬಂತು. ನಿಂತು ಮೀನು ಹಿಡಿಯೋ ಕಯಾಕ್‌ಗೆ ಅಗಲ 33 ಇಂಚಿನಿಂದ ಮೇಲಿರಲಿ, 35–36 ಇದ್ದರೆ ಇನ್ನೂ ಒಳ್ಳೇದು. ತಳ ಚಪ್ಪಟೆ ಇರಬೇಕು, ಇಲ್ಲಾ ಎರಡು ಬದಿಗೂ ದೋಣಿಯಂತೆ ಉಬ್ಬಿ ನಡುವೆ ಕಾಲುವೆಯಂತೆ ಒಳಗೆ ಹೋಗಿರಬೇಕು. ಎತ್ತರದ ಕುರ್ಚಿಯ ಆಸೆ ಬಿಡಿ. ಕುರ್ಚಿ ಎತ್ತರ ಆದಷ್ಟೂ ಭಾರ ಮೇಲೇರಿ ಓಲಾಟ ಜಾಸ್ತಿ. ಎತ್ತರ ಬದಲಿಸೋಕೆ ಬರುವಂಥದ್ದು ಸಿಕ್ಕರೆ ಚಲೋ. ಇನ್ನು "180 ಕೆ.ಜಿ. ತಡೀತದೆ" ಅಂತ ಬರೆದಿದ್ದರೆ ಅಷ್ಟೂ ತುಂಬಬೇಡಿ. ನೀವು, ಬುತ್ತಿ, ಸಾಮಾನು ಎಲ್ಲ ಸೇರಿ ಮೂರರಲ್ಲಿ ಎರಡು ಪಾಲು ದಾಟದಿರಲಿ.

ಅಗಲಕ್ಕೂ ಬೆಲೆ ತೆರಬೇಕು. ಅದು ನಿಧಾನ. ಮಳೆಗಾಲದ ಗಾಳಿಗೆ ನಮ್ಮ ಬಯಲು ಕೆರೆಗಳಲ್ಲಿ ಅಡ್ಡ ಮರ ಇಲ್ಲ. ನಿಂತವನೇ ಹಾಯಿ ಆಗಿಬಿಡ್ತಾನೆ. ತೂಕವೂ 35–40 ಕೆ.ಜಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಕೆಸರಿನಲ್ಲಿ ಎಳೆಯೋವಾಗ ಇದು ನೆನಪಾಗ್ತದೆ.

ಈ ಸಲ ದುಡ್ಡು ಕೊಡೋ ಮೊದಲು ಗೆಳೆಯನೊಬ್ಬನ 35 ಇಂಚಿನದನ್ನ ಮೊಣಕಾಲುದ್ದ ನೀರಲ್ಲಿ ಪರೀಕ್ಷೆ ಮಾಡಿದೆ. ಎದ್ದೆ, ಹಿಂದೆ ತಿರುಗಿ ನೋಡಿದೆ, ಬಗ್ಗಿ ಡಬ್ಬಿ ಎತ್ತಿದೆ. ಆಮೇಲೆ ಜಾಕೆಟ್ ಹಾಕ್ಕೊಂಡು ಆಳಕ್ಕೆ ಹೋಗಿ ಬೇಕಂತಲೇ ಬಿದ್ದೆ. ವಾಪಸ್ ಹತ್ತೋದೇ ನಿಜವಾದ ಕೆಲಸ. ಕೈ ಊರಿ ಏರಿದರೆ ದೋಣಿ ನಮ್ಮ ಮೇಲೇ ಮಗುಚ್ತದೆ. ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ, ಆಮೇಲೆ ಹೊರಳಿ ಕೂರಬೇಕು. ನಾಲ್ಕನೇ ಸಲಕ್ಕೆ ಬಂತು.

ಇನ್ನೊಂದು ಮಾತು. ಹಲವು ಕೆರೆಗಳ ಮೀನು ಗುತ್ತಿಗೆ ಆಗಿರ್ತದೆ, ಮೀನುಗಾರರ ಸಹಕಾರ ಸಂಘದವರೇ ರೋಹು, ಕಟ್ಲಾ ಮರಿ ಬಿಟ್ಟಿರ್ತಾರೆ. ನಮಗೆ ಹವ್ಯಾಸ, ಅವರಿಗೆ ಅನ್ನ. ಕೇಳದೆ ಇಳೀಬೇಡಿ. ನಾನೂ ಮೊದಲ ಸಲ ಕೇಳಿರಲಿಲ್ಲ, ಕಾಕಾ ಬೈಲಿಲ್ಲ ಅಷ್ಟೇ.

ಕೊಂಡಾಯ್ತು. ನಮ್ಮದು ಮೂರನೇ ಮಹಡಿ, ಲಿಫ್ಟಿಗೆ ಹಿಡಿಯಲ್ಲ. ಈಗ ಬಬಲೇಶ್ವರದ ಸೋದರಮಾವನ ಹೊಲದ ಶೆಡ್ಡಿನಲ್ಲಿದೆ. ಮೊನ್ನೆ ಹೋದಾಗ ಅತ್ತಿ ಅದರಾಗ ಮೆಣಸಿನಕಾಯಿ ಒಣಗಿಸಾಕ ಹಾಕಿದ್ದರು.