ದುಡ್ಡು ಕಳ್ಕೊಂಡವನನ್ನ ನೋಡಿ ನಗಬೇಡಿ



ನಮ್ಮ ಕೇರಿಯ ಹುಡುಗನೊಬ್ಬ ಹದಿನೆಂಟು ಸಾವಿರ ಕಳ್ಕೊಂಡಿದ್ದಾನೆ. ಅವ್ವ ಸಂಘದಲ್ಲಿ ಎತ್ತಿದ ಸಾಲದ ದುಡ್ಡು. ಯೂಟ್ಯೂಬ್ ಲೈವ್‌ನಲ್ಲಿ ಎಲಾನ್ ಮಸ್ಕ್ ಮಾತಾಡ್ತಿರೋ ವಿಡಿಯೋ, ಪಕ್ಕದಲ್ಲೊಂದು ಕ್ಯೂಆರ್ ಕೋಡ್. "ಎಷ್ಟು ಬಿಟ್‌ಕಾಯಿನ್ ಕಳಿಸ್ತೀರೋ ಅದರ ಎರಡರಷ್ಟು ವಾಪಸ್." ಕಳಿಸಿದ. ಏನೂ ಬರಲಿಲ್ಲ. ನಾಚಿಕೆಗೆ ಎರಡು ತಿಂಗಳು ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಮೊನ್ನೆ ವಿಷಯ ಗೊತ್ತಾದಾಗ ನಮ್ಮ ಸಂಗಾತಿಗಳೇ ಅಂದಿದ್ದು: "ದುರಾಸೆ, ಅನುಭವಿಸ್ಲಿ ಬಿಡು."

ಈ ಮಾತಿಗೆ ನನ್ನ ತಕರಾರಿದೆ.

2020ರ ಜುಲೈ 15ರಂದು ಒಬಾಮ, ಬೈಡನ್, ಬಿಲ್ ಗೇಟ್ಸ್, ಮಸ್ಕ್ ಇವರೆಲ್ಲರ ಅಸಲಿ ಟ್ವಿಟರ್ ಖಾತೆಗಳನ್ನೇ ವಶಕ್ಕೆ ತಗೊಂಡು ಇದೇ ಆಮಿಷ ಒಡ್ಡಿದ್ರು. ಕೆಲವೇ ಗಂಟೆಗಳಲ್ಲಿ ಜನ ಕಳ್ಕೊಂಡಿದ್ದು ಒಂದು ಲಕ್ಷ ಡಾಲರ್‌ಗೂ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ನಮ್ಮ ಪ್ರಧಾನಿಯ ಖಾತೆಯಿಂದಲೇ "ಸರ್ಕಾರ 500 ಬಿಟ್‌ಕಾಯಿನ್ ಕೊಂಡು ಜನರಿಗೆ ಹಂಚುತ್ತಿದೆ" ಅಂತ ಸುಳ್ಳು ಟ್ವೀಟ್ ಬಂತು. ಪ್ರಧಾನಿ ಖಾತೆಗೆ ಕನ್ನ ಬಿದ್ರೆ ಅದು ಭದ್ರತಾ ಲೋಪ. ಕೇರಿ ಹುಡುಗ ಮೋಸ ಹೋದ್ರೆ ಮಾತ್ರ ದುರಾಸೆ. ಇದ್ಯಾವ ನ್ಯಾಯ?

ಈ ನಗು, ಈ ಬೈಗುಳ ಕಳ್ಳರಿಗೇ ಲಾಭ. ಅವಮಾನಕ್ಕೆ ಹೆದರಿ ಹುಡುಗ ಮುಚ್ಚಿಟ್ಟ. ಆಮೇಲೆ "ಹೋದ ದುಡ್ಡು ವಾಪಸ್ ತರಿಸ್ತೀನಿ, ಫೀಸು ಕಳಿಸು" ಅಂತ ಟೆಲಿಗ್ರಾಮ್‌ನಲ್ಲಿ ಒಬ್ಬ ಬಂದ. ಅವನಿಗೂ ಮೂರು ಸಾವಿರ ಹೋಯ್ತು. ಮೊದಲ ದಿನವೇ ನಮ್ಮಲ್ಲಿ ಒಬ್ಬರಿಗೆ ಹೇಳೋ ಧೈರ್ಯ ಅವನಿಗಿದ್ದಿದ್ರೆ ಈ ಎರಡನೇ ಪೆಟ್ಟು ತಪ್ತಿತ್ತು.

ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲೇ ಪುಸ್ತಕ ಬರೆದ ಬಾಬಾಸಾಹೇಬರ ಮಕ್ಕಳು ನಾವು. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಕಟ್ತೀವಿ, ಆದ್ರೆ ದುಡ್ಡಿನ ವಿಚಾರ ನಮ್ಮ ಸಭೆಗಳಲ್ಲಿ ಯಾವತ್ತಾದ್ರೂ ಮಾತಾಡಿದ್ದೀವಾ? ನಾನೂ ಮಾತಾಡಿಲ್ಲ, ಒಪ್ಕೋತೀನಿ.

ಇವತ್ತೇ ಶುರು ಮಾಡೋಣ. ನಿಮ್ಮ ಕೇರಿ, ಹಾಸ್ಟೆಲ್, ಸಂಘದಲ್ಲಿ ಇಷ್ಟು ಹೇಳಿ: ಕೊಡೋನು ಮೊದಲು ಕೇಳಲ್ಲ. ಕ್ರಿಪ್ಟೋ ಒಮ್ಮೆ ಕಳಿಸಿದ್ರೆ ನಡುವೆ ತಡೆಯೋಕೆ ಬ್ಯಾಂಕ್ ಇರಲ್ಲ. ಮೋಸ ಆಯ್ತು ಅಂತ ಗೊತ್ತಾದ ಕೂಡ್ಲೇ 1930ಕ್ಕೆ ಫೋನ್ ಮಾಡಿ. ಯುಪಿಐ ಮೂಲಕ ಹೋದ ದುಡ್ಡಾದ್ರೆ ಆ ಖಾತೆಯನ್ನಾದ್ರೂ ತಡೆಹಿಡಿಯೋ ಸಾಧ್ಯತೆ ಇರುತ್ತೆ. ತಡವಾದಷ್ಟೂ ಕಷ್ಟ.

ನಾಳೆ ಬೆಳಿಗ್ಗೆ ಆ ಹುಡುಗನ ಜೊತೆ ಠಾಣೆಗೆ ಹೋಗ್ತಿದ್ದೀನಿ. ದುಡ್ಡು ಸಿಗುತ್ತೆ ಅಂತ ಭರವಸೆ ಕೊಟ್ಟಿಲ್ಲ. ತಲೆ ಎತ್ಕೊಂಡು ಬಾ ಅಂತ ಮಾತ್ರ ಹೇಳಿದ್ದೀನಿ.