ಹಿಡಿದುಕೊಂಡ ಬ್ರೇಕು: ರಬ್ಬರು ಸಾಕೋ, ಹೊಸದೇ ಬೇಕೋ?

ಬಾಣಂತನ ಮುಗಿದ ಮಗಳನ್ನು ಕೂಸಿನೊಂದಿಗೆ ಉಡುಪಿಗೆ ಬಿಟ್ಟುಬರುವುದಿತ್ತು. ತೀರ್ಥಹಳ್ಳಿಯಿಂದ ಹೊರಟರೆ ಆಗುಂಬೆ ಘಾಟಿ ಇಳಿಯಬೇಕಲ್ಲ! ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಹಳೇ ಕಾರನ್ನು ನಮ್ಮ ಯಜಮಾನರು ಪೇಟೆವರೆಗೆ ಒಯ್ದು ತಂದರು. ನೋಡಿದರೆ ಮುಂದಿನ ಎಡಚಕ್ರದಿಂದ ಸುಟ್ಟ ವಾಸನೆ. ಹತ್ತಿರ ಹೋದರೆ ಒಲೆಯ ಕಾವು.

"ಕ್ಯಾಲಿಪರ್ ಹಿಡ್ಕೊಂಡಿದೆ ಅಮ್ಮಾ, ಹೊಸದು ಹಾಕ್ಸಿಬಿಡಿ" ಅಂದ ಗ್ಯಾರೇಜಿನ ಹುಡುಗ. "ಅಷ್ಟು ದುಡ್ಡು ಯಾಕೆ? ರಬ್ಬರಿನ ಕಿಟ್ ತಂದರೆ ಅಂಗಳದಲ್ಲಿ ಕೂತು ನಾನೇ ಹಾಕ್ತೀನಿ" ಅಂದರು ಇವರು. ದುಡ್ಡು ಉಳಿಯುವುದೆಂದರೆ ನನಗೂ ಇಷ್ಟವೇ. ಆದರೆ ಕಾರಿನಲ್ಲಿ ಕೂರುವುದು ಹಸುಗೂಸು ನೋಡಿ! ಹುಡುಗನನ್ನು ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡೆ.

ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯನ್ನು ಇಕ್ಕಳದಂತೆ ಹಿಡಿದು ನಿಲ್ಲಿಸುವುದೇ ಕ್ಯಾಲಿಪರ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅದರೊಳಗಿನ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಕಾಲು ತೆಗೆದಾಗ ಸುತ್ತಲಿನ ರಬ್ಬರ್ ಸೀಲು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಹೊರಗಿನ ರಬ್ಬರು ಹರಿದು ಕೆಸರು ನೀರು ಒಳಗೆ ಸೇರಿದರೆ ಪಿಸ್ಟನ್ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಳ್ಳುತ್ತದೆ.

ನಮ್ಮ ಕುಕ್ಕರಿನ ನ್ಯಾಯವೇ ಇಲ್ಲೂ. ಗ್ಯಾಸ್ಕೆಟ್ ಸಡಿಲವಾದರೆ ಹೊಸ ಗ್ಯಾಸ್ಕೆಟ್ ಸಾಕು. ಕುಕ್ಕರಿನ ಅಂಚೇ ತಗ್ಗಿದ್ದರೆ ಎಷ್ಟು ಗ್ಯಾಸ್ಕೆಟ್ ಹಾಕಿದರೇನು? ಪಿಸ್ಟನ್ ನುಣುಪಾಗಿದ್ದರೆ ಕಿಟ್ ಸಾಕು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಹೊಸ ರಬ್ಬರೂ ಬಾಳದು, ಎಣ್ಣೆ ಸೋರುತ್ತದೆ.

ಹಾಗಾಗಿ, "ಮೊದಲು ಬಿಚ್ಚಿ ತೋರಿಸಪ್ಪಾ, ಆಮೇಲೆ ಹೊಸದರ ಮಾತು" ಅಂದೆ. ಎಡಗಡೆಯ ಪಿಸ್ಟನ್ನಿಗೆ ಗುಳಿಗಳೇ ಗುಳಿ. ಅದಕ್ಕೆ ಹೊಸ ಕ್ಯಾಲಿಪರ್ರೇ ಬಂತು. ಎರಡೂ ಕಡೆ ಸಮನಾಗಿ ಹಿಡಿಯಬೇಕಾದ್ದರಿಂದ ಬಲಗಡೆಯದನ್ನೂ ಬಿಚ್ಚಿಸಿದೆವು. ಅದು ಕನ್ನಡಿಯಂತಿತ್ತು, ಕಿಟ್ಟಿನಲ್ಲೇ ಮುಗಿಯಿತು. ಅರ್ಧ ದುಡ್ಡು ಉಳಿಯಿತು, ಇವರ ಮಾತೂ ಉಳಿಯಿತು!

ನಿಮ್ಮ ಮನೆಯವರೂ ಸ್ಪ್ಯಾನರ್ ಹಿಡಿದು ಹೊರಟರೆ ಇಷ್ಟು ನೆನಪಿಸಿ:

- ಬರೀ ಜಾಕ್ ಅಥವಾ ಕಲ್ಲಿನ ಮೇಲೆ ನಿಂತ ಕಾರಿನಡಿ ಕೈ ಹಾಕಬಾರದು. ಗಟ್ಟಿ ಸ್ಟ್ಯಾಂಡ್ ಬೇಕು.
- ಗಾಳಿ ಬಿಟ್ಟು ಪಿಸ್ಟನ್ ತೆಗೆಯುವಾಗ ಅದು ಚಿಮ್ಮಿ ಬೆರಳು ಜಜ್ಜಬಹುದು.
- ಒಳಗಿನ ರಬ್ಬರಿಗೆ ಸೀಮೆಎಣ್ಣೆ, ಪೆಟ್ರೋಲು, ಮಾಮೂಲಿ ಗ್ರೀಸು ಮುಟ್ಟಿಸಬಾರದು, ಉಬ್ಬಿ ಕೆಡುತ್ತದೆ.
- ಹೊರತೆಗೆದ ಬ್ರೇಕ್ ಆಯಿಲ್ ಮತ್ತೆ ಹಾಕಬೇಡಿ. ಅದು ಗಾಳಿಯ ತೇವ ಹೀರುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣವೇ ಕಿತ್ತುಬರುತ್ತದೆ.
- ಜೋಡಿಸಿದ ಮೇಲೆ ಪೈಪಿನ ಗಾಳಿ ಪೂರ್ತಿ ತೆಗೆಯಬೇಕು. ಪೆಡಲ್ ಮೆತ್ತಗೆ ಒಳಗಿಳಿದರೆ ಗಾಡಿ ಗೇಟು ದಾಟಬಾರದು.

ಇದನ್ನು ಒಮ್ಮೆಯೂ ಮಾಡದವರು ಒಬ್ಬರೇ ಮಾಡುವುದು ಬೇಡ, ತಿಳಿದವರು ಪಕ್ಕದಲ್ಲಿರಲಿ. ನಾವು ಮಾಡಬಹುದಾದದ್ದೂ ಇದೆ: ಗಾಡಿ ಒಂದು ಕಡೆಗೆ ಎಳೆದರೆ, ಸುಟ್ಟ ವಾಸನೆ ಬಂದರೆ, ಒಂದೇ ಚಕ್ರ ಕಾದರೆ, "ಇರಲಿ ಬಿಡು" ಅನ್ನಲು ಬಿಡಬೇಡಿ.

ಘಾಟಿಯ ತಿರುವುಗಳಲ್ಲಿ ಕೂಸು ಕಣ್ಣು ಬಿಡದೆ ಮಲಗಿತ್ತು. ನಾನಂತೂ ಪ್ರತಿ ತಿರುವಿನಲ್ಲೂ ಯಜಮಾನರ ಕಾಲನ್ನೇ ನೋಡುತ್ತಿದ್ದೆ!